ಜಡೆಯ ನೆರಳು

...ಜಡೆನಾ? ಬರೀ ಜಡೆ? ಡಾಕ್ಟ್ರೇ ಹೇಳಿದ್ರಾ ಇವತ್ತು? ಕೊಡಿಲ್ಲಿ ಆ ಎಕ್ಸರೇನ, ನಾನೂ ಕಿಟಕಿಗೆ ಹಿಡಿದು ನೋಡ್ತೀನಿ. ಹೂಂ... ಎದೆ ಎರಡೂ ಕಡೆ ಕಪ್ಪಗೆ, ಚೊಕ್ಕಟವಾಗಿದೆ. ಕಪ್ಪಗಿದ್ರೆ ಒಳ್ಳೇದು, ಒಳಗೆ ಗಾಳಿ ತುಂಬಿದೆ ಅಂತ, ಅಷ್ಟು ನಂಗೂ ಗೊತ್ತು. ಹಾಗಾದ್ರೆ ಹಳೇದ್ರಲ್ಲಿ ಮೇಲ್ಗಡೆ ಬಿಳೀ ಮಬ್ಬು ಇತ್ತಲ್ಲ, ಅದು ನೀನು ಭುಜದ ಮೇಲಿಂದ ಮುಂದಕ್ಕೆ ಹಾಕ್ಕೊಂಡಿದ್ದ ಜಡೆಯ ನೆರಳಂತಾ? ರೋಗ ಇರಲೇ ಇಲ್ವಂತಾ?

ಸರಿ. ಒಳ್ಳೇದಾಯ್ತು. ಯಾಕೆ, ನನ್ ಮುಖದಲ್ಲಿ ಸಂತೋಷ ಕಾಣ್ತಿಲ್ವಾ?

ಮೆಲ್ಲಗೆ ಮಾತಾಡು, ಮಗು ಮಲಗಿದೆ... ನೀನೆಲ್ಲಿ ಮಾತಾಡ್ತಿದೀಯ, ಬಡ್ಕೊಳ್ತಿರೋಳು ನಾನು. ಅತ್ತೆ ಅಂದ್ರೆ ಬಡ್ಕೊಳ್ಳೋಕೇ ಹುಟ್ಟಿದೋಳು ಅಲ್ವಾ?

ನೋಡಮ್ಮಾ, ನನ್ನ ಮೇಲೆ ಕಣ್ಣು ಕೆಂಪು ಮಾಡಬೇಡ. ಬಾಣಂತೀಗೆ ಕೆಮ್ಮು ಬಿಡ್ತಿಲ್ಲ ಅಂತ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಯಾರು? ನಿನ್ನ ಗಂಡನಾ? ಅವನಿಗೆ ಆಫೀಸ್ ಬಿಟ್ರೆ ಲೋಕ ಇಲ್ಲ. ಕ್ಷಯ ಅಂದ್ರು, ಮಹಡಿ ಕೋಣೇಲಿ ಬೇರೆ ಇಟ್ಟೆ. ತಟ್ಟೆ ಲೋಟ ಬೇರೆ ಮಾಡ್ದೆ. ಈ ಮಂಡಿ ನೋವಲ್ಲಿ ಮೂರು ಹೊತ್ತೂ ಊಟ, ಮಾತ್ರೆ ಹೊತ್ಕೊಂಡು ಮೆಟ್ಟಿಲು ಹತ್ತಿದೆ. ಮಗೂಗೆ ಬಾಟ್ಲಿ ಕುದಿಸ್ದೆ, ಹೇಲು ಉಚ್ಚೆ ಬಾಚ್ದೆ. ಹಲ್ಲು ಬಂದಾಗ ಮೊದ್ಲು ಕಚ್ಚಿದ್ದು ನನ್ನ ಬೆರಳು. ನೀನು ಮೇಲಿನ ಮೆಟ್ಟಿಲಲ್ಲಿ ಕೂತು ಅಳ್ತಿದ್ದೆ, ಅಷ್ಟೇ.

ನಗ್ತೀಯಾ? ನಗು ನಗು. ಡಾಕ್ಟ್ರು ಇರಬಹುದು ಅಂದ್ರಮ್ಮಾ. ಇರಬಹುದು ಅಂದ್ರೆ ಇದೆ ಅಂತ ತಾನೆ? ಅಷ್ಟು ಅನುಮಾನ ಇಟ್ಕೊಂಡು ಎಳೇ ಕೂಸನ್ನ ಯಾರಾದ್ರೂ ಹತ್ರ ಬಿಡ್ತಾರಾ?

ಹಾಗೆ ನೋಡಬೇಡ ಅಂದೆ! ಗೊತ್ತಾಯ್ತು ಬಿಡು. ಎಕ್ಸರೇ ತೆಗೆಯೋ ಆ ಕನ್ನಡಕದ ಹುಡುಗಿ ಏನೋ ಊದಿದಾಳೆ ನಿನ್ ಕಿವೀಲಿ. ಅವಳ ಮಾತು ಕಟ್ಕೊಂಡು ಬಂದು ನನ್ ಮುಂದೆ ನಿಂತಿದೀಯಾ? ದಿನಾ ನೂರಾರು ಜನರನ್ನ ನೋಡ್ತಾಳೆ, ನನ್ನ ಮುಖ ನೆನಪಿರುತ್ತಾ ಅವಳಿಗೆ? ಬಾಗಿಲ ಹತ್ರ ನನ್ನ ನಿಲ್ಲಿಸಿ, ಜಡೆ ಅಡ್ಡ ಬಂದಿರ್ಬೇಕಮ್ಮಾ, ಕೂದಲು ಮೇಲೆ ಕಟ್ಟಿ ನಾಳೆ ಕರ್ಕೊಂಡು ಬನ್ನಿ, ಡಾಕ್ಟ್ರೂ ಅದೇ ಹೇಳಿದಾರೆ ಅಂತ ಅವತ್ತೇ ಹೇಳಿದ್ದೆ ಅಂದ್ಲಾ...

ಅಂದ್ಲು ತಾನೆ?

ಅವಳು ಏನೂ ಹೇಳ್ಲಿಲ್ವಾ ನಿಂಗೆ?

...ಕೂತ್ಕೋ. ಯಾಕೆ ನಿಂತೇ ಇದೀಯ? ಕ್ಷಯದ್ದು ಅಂತ ನಾನು ಕೊಡ್ತಿದ್ದ ಮಾತ್ರೆ ಬರೀ ಶಕ್ತಿ ಮಾತ್ರೆ ಕಣೇ, ಮೈಗೇನೂ ಆಗಲ್ಲ. ಕೂದಲು ಕಟ್ಟಿ ನಿನ್ನ ಮತ್ತೆ ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಅಂತಲೇ ಇದ್ದೆ. ಆ ರಾತ್ರಿ ಮಗು ನನ್ನ ಪಕ್ಕ ಮಲಗಿತ್ತು, ಬೆಳಗ್ಗೆ ಕಣ್ಣು ಬಿಟ್ಟು ನನ್ನ ನೋಡಿ ನಕ್ತು. ಈ ಮನೇಲಿ ನನ್ನ ನೋಡಿ ಯಾರು ನಗ್ತಾರೆ ಹೇಳು? ನಾಳೆ ಹೋದ್ರಾಯ್ತು ಅಂದ್ಕೊಂಡೆ. ಮಾರನೇ ದಿನಾನೂ ಹಾಗೇ ಅಂದ್ಕೊಂಡೆ... ಬೈದುಬಿಡು. ಕೆನ್ನೆಗೆ ಎರಡು ಬಿಗಿ.

ಎದ್ದುಬಿಡ್ತು, ಅಳ್ತಿದೆ. ದಾರಿ ಬಿಡು. ನಿನ್ನ ಕಂಡ್ರೆ ಇನ್ನೂ ಜೋರಾಗಿ ಅಳುತ್ತೆ, ಗುರ್ತಿಲ್ಲ ಅದಕ್ಕೆ. ಸಮಾಧಾನ ಮಾಡಿ ತಂದು ನಿನ್ ಕೈಗೇ ಕೊಡ್ತೀನಿ, ಆಣೆ... ನೀನೊಬ್ಳೇ ಒಳಗೆ ಹೋಗಿ ಬಾಗಿಲು ಯಾಕೆ ಹಾಕ್ತಿದೀಯ? ಬಿಡಮ್ಮಾ. ಒಂದೇ ಒಂದ್ಸಲ ಎತ್ಕೋತೀನಿ.

ತೆಗಿಯೇ...