ಇದು ಯಾರಿಗೆ ಬೇಕು?

ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ತಾಯಿ, ಮಗಳು ಕೂತಿದ್ದರು. ಔಷಧಿ ಬಿಟ್ಟಿದ್ದರಿಂದ ತಾಯಿ ಕಣ್ಣು ಮುಚ್ಚಿಕೊಂಡಿದ್ದರು. ಮಗಳು ಫೋನು ನೋಡಿ ನಿಟ್ಟುಸಿರು ಬಿಟ್ಟಳು.

“ಏನೇ ಅದು?”

“ವೆಬ್‌ಸೈಟ್ ಕಟ್ಟೋರು ಬಳಸೋ ಫ್ರೇಮ್‌ವರ್ಕ್ ಒಂದಿದೆಯಮ್ಮ. ಅದರ ಕೋಡನ್ನ ಯಾರು ಬೇಕಾದ್ರೂ ತಿದ್ದಿ ಕಳಿಸಬಹುದು, ನಾನೂ ಕಳಿಸಿದೀನಿ. ಆದ್ರೆ ಅದನ್ನ ನೋಡಿಕೊಳ್ಳೋನು ಒಬ್ಬ ಇದಾನೆ, ಯಾವ ಊರಿನವನೋ, ಅವನು ಒಪ್ಪಬೇಕು.”

“ಒಪ್ಪಲಿಲ್ವಾ?”

“ಇದು ಯಾರಿಗೆ ಬೇಕು ಅಂತ ಕೇಳಿದಾನೆ.”

“ನೀನು ತಿದ್ದಿದ್ದೇನು?”

“ವೆಬ್‌ಸೈಟಲ್ಲಿ ಅರ್ಜಿ ತುಂಬುವಾಗ ಒಂದು ಅಂಕಿ ತಪ್ಪಾದ್ರೂ ಟೈಪ್ ಮಾಡಿದ್ದೆಲ್ಲ ಅಳಿಸಿಹೋಗ್ತಿತ್ತು. ಇನ್ಮೇಲೆ ಹಾಗೇ ಉಳಿಯತ್ತೆ.”

“ಅಯ್ಯೋ, ಪಿಂಚಣಿ ಅರ್ಜಿ ಹಾಕುವಾಗ ನನಗಾಯ್ತಲ್ಲ, ಅದಾ? ನಮ್ಮಮ್ಮನಿಗೆ ಬೇಕು ಅಂತ ಬರಿ!”

“ಹಾಗೆಲ್ಲ ಬರೆಯಕ್ಕಾಗಲ್ಲಮ್ಮ.”

“ಯಾಕಾಗಲ್ಲ? ಮಧ್ಯಾಹ್ನವೆಲ್ಲ ಒಂದೇ ಬೆರಳಲ್ಲಿ ಕುಟ್ಟಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು, ಕೂತು ಅತ್ತುಬಿಟ್ಟಳು ಅಂತ ಬರಿ.”

“ಹುಣಸೆಹಣ್ಣು ಅವನಿಗೆ ಅರ್ಥ ಆಗಲ್ಲ.”

“ಅಳು ಅರ್ಥ ಆಗತ್ತೆ, ಬರಿ.”

ಮಗಳು ನಗುತ್ತಲೇ ಬರೆದು ಕಳಿಸಿದಳು. ಇವರ ಸರದಿ ಬರುವ ಮೊದಲೇ ಫೋನು ಗುಂಯ್‌ಗುಟ್ಟಿತು. ಅವಳು ಎದ್ದು ನಿಂತುಬಿಟ್ಟಳು.

“ಒಪ್ಪಿದಾನಮ್ಮ! ಹೋದ ತಿಂಗಳು ಅವರಮ್ಮನೂ ಹೀಗೇ ಅತ್ತಿದ್ರಂತೆ.”

“ಪಾಪ. ಅವರಿಗೂ ಒಂದೇ ಬೆರಳೇನೋ.”

“ಈಗ ಅವನಿಗೆ ಏನಂತ ಬರೀಲಿ? ಥ್ಯಾಂಕ್ಸ್ ಅಂತ ಹಾಕ್ಲಾ?”

ಒಳಗಿನಿಂದ ನರ್ಸ್ ಕರೆದಳು. ತಾಯಿ ಮಗಳ ತೋಳು ಹಿಡಿದು ಎದ್ದರು.

“ಥ್ಯಾಂಕ್ಸ್ ಇರಲಿ. ಅವರಮ್ಮನ್ನ ನಾನು ಕೇಳಿದೆ ಅಂತ ಬರಿ.”