ಟಾರ್ಚ್ ಬೆಳಕಲ್ಲಿ ಕಂಡ ಬಣ್ಣ

ನಗೋದಾದ್ರೆ ಈಗಲೇ ನಕ್ಕುಬಿಡಿ. ಆಮೇಲೆ ಮಧ್ಯದಲ್ಲಿ ನಗಬೇಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ಭಾವನಿಗೆ ಆಗಿದ್ದು. ಸ್ವಂತ ಅಕ್ಕನ ಗಂಡ.

ಅವತ್ತು ಭಾವ ತುಂಬ ತಡವಾಗಿ ಮನೆಗೆ ಬರ್ತಿದ್ರು. ಊರಾಚೆ ಮಣ್ಣುದಾರಿ. ಪಕ್ಕದಲ್ಲಿ ಆಲದ ಮರ, ಅದರ ಬುಡದಲ್ಲಿ ಯಾರೂ ನೀರು ಸೇದದ ಬಾವಿ. ಓಡಿಸ್ತಿದ್ದದ್ದು ರೇಸಿನ ಬೈಕು. ಗ್ಯಾರೇಜಿನಲ್ಲಿ ಇಡೀ ದಿನ ಅವರಿವರ ಗಾಡಿ ರಿಪೇರಿ ಮಾಡಿ ಸೊಂಟ ಬಿದ್ದುಹೋಗಿತ್ತು. ಅದರ ಮೇಲೆ ಮನೇದೇ ಈ ಕೆಲಸ.

ಮಾರನೇ ದಿನ ಅವರ ತಂಗಿ ಮಣ್ಣಿನ ರೇಸಿಗೆ ಇಳಿಯೋಳಿದ್ದಳು. ಚೂಟಿ ಅಂತೀವಿ ಅವಳನ್ನ. ದಿಬ್ಬ ಹತ್ತಿ, ಗಾಳೀಲಿ ಹಾರಿ, ಆಚೆ ಬೀಳೋ ರೇಸು. ಬೈಕು ಅವಳದಲ್ಲ. ಕಪ್ಪೇದು.

ಕಪ್ಪೆ ಅಂದ್ರೆ ಭಾವನ ತಮ್ಮ, ಚೂಟಿಗೆ ಅಣ್ಣ. ಹಾರೋ ಹುಚ್ಚು, ಅದಕ್ಕೇ ಆ ಹೆಸರು. ಹೋದ ವರ್ಷ ಅದೇ ದಿಬ್ಬದ ಮೇಲೆ ಎಂಜಿನ್ ಕಾದು ಸೀಜ್ ಆಗಿ, ಹಿಂದಿನ ಚಕ್ರ ಕಚ್ಕೊಂಡು... ಬಿಡಿ. ಮನೆಗೆ ತರೋಷ್ಟರಲ್ಲಿ ಹೋಗಿಬಿಟ್ಟಿದ್ದ. ಹಿಂದಿನ ರಾತ್ರಿ ಇದೇ ಬಾವಿ ಹತ್ತಿರ ಕೂತು, ಎಂಜಿನ್ನಿಗೆ ಪೆಟ್ರೋಲ್ ಬಿಡೋ ಕಾರ್ಬುರೇಟರ್ ತಾನೇ ಸರಿಮಾಡ್ಕೊಂಡಿದ್ದ. ಯಾರನ್ನೂ ಕೈ ಹಾಕೋಕೆ ಬಿಟ್ಟಿರಲಿಲ್ಲ.

"ಅಣ್ಣನ ಗಾಡಿ ಗುಜರಿಗೆ ಹಾಕಿದ್ರೆ ಜೊತೆಗೆ ನನ್ನನ್ನೂ ಹಾಕಿಬಿಡಿ" ಅಂದಿದ್ದಳಂತೆ ಚೂಟಿ. ಇನ್ನೇನು ಮಾಡ್ತಾರೆ? ಭಾವ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿದ್ರು.

ಕಟ್ಟಿದ ಮೇಲೆ ಪೆಟ್ರೋಲ್ ಹದಕ್ಕೆ ತರಬೇಕಲ್ಲ. ಅದಕ್ಕೆ ಎಂಜಿನ್ನಿಗೆ ಕಿಡಿ ಕೊಡೋ ಪ್ಲಗ್ ನೋಡ್ತಾರೆ. ಗಾಡಿನ ಪೂರ್ತಿ ಜೋರಲ್ಲಿ ಓಡಿಸಿ, ತಟ್ಟನೆ ಎಂಜಿನ್ ಆರಿಸಿ, ಪ್ಲಗ್ ಬಿಚ್ಚೋದು. ಮಸಿ ಹಿಡಿದಿದ್ರೆ ಪೆಟ್ರೋಲ್ ಜಾಸ್ತಿ. ಬಿಸ್ಕತ್ತಿನ ಬಣ್ಣ ಇದ್ರೆ ಸರಿ. ಬೆಳ್ಳಗಿದ್ರೆ ಪೆಟ್ರೋಲ್ ಸಾಲ್ತಿಲ್ಲ, ಎಂಜಿನ್ ಒಳಗೊಳಗೇ ಬೇಯ್ತಿದೆ ಅಂತ. ಆಗ ಕಾರ್ಬುರೇಟರಿನ ಜೆಟ್ ಬದಲಾಯಿಸಬೇಕು. ಜೆಟ್ ಅಂದ್ರೆ ತೂತಿರೋ ಹಿತ್ತಾಳೆ ಚೂರು, ಕಡಲೆಕಾಳಿನಷ್ಟಿರುತ್ತೆ. ತೂತು ದೊಡ್ಡದಾದಷ್ಟೂ ಪೆಟ್ರೋಲ್ ಹೆಚ್ಚು.

ಸಾಯಂಕಾಲದಿಂದ ಓಡಿಸು, ಆರಿಸು, ಬಿಚ್ಚು, ನೋಡು... ಇದೇ ಆಗಿತ್ತು. ಪ್ರತಿಸಲವೂ ಮಸಿ. ಕೊನೆಗೆ ಬೇಸತ್ತು ಎರಡು ಅಳತೆ ಸಣ್ಣ ಜೆಟ್ ಹಾಕಿ ಓಡಿಸಿದ್ರು. ಬಾವಿ ಹತ್ತಿರ ಎಂಜಿನ್ ಆರಿಸಿದ್ರು. ಗಾಡಿ ಹಾಗೇ ಉರುಳಿ ನಿಂತ್ಕೊಂಡ್ತು.

ಬಿಸಿ ಎಂಜಿನ್ ಆರೋ ಸದ್ದು. ಟಿಣ್... ಟಿಣ್... ಟಿಣ್.

ಪ್ಲಗ್ ಬಿಚ್ಚಿ ಬಟ್ಟೇಲಿ ಹಿಡ್ಕೊಂಡು ಟಾರ್ಚ್ ಬಿಟ್ಟರು. ಸೆಲ್ ಮುಗೀತಾ ಬಂದಿದ್ದ ಹಳೇ ಟಾರ್ಚು, ಹಳದಿ ಬೆಳಕು. ಬಿಸ್ಕತ್ತಿನ ಬಣ್ಣ! ಭಾವ ಉಸ್ಸಪ್ಪಾ ಅಂದ್ರು.

ಆಗ ಬಾವಿ ಒಳಗಿಂದ... ಝರ್ರ್. ಸುಮ್ಮನಾಯ್ತು. ಮತ್ತೆ ಝರ್ರ್. ಸ್ಟಾರ್ಟ್ ಆಗದ ಗಾಡಿನ ಯಾರೋ ಒದೀತಿರೋ ಸದ್ದು.

"ಯಾರದು?"

ಸದ್ದು ನಿಂತಿತು. ಆಲದ ಎಲೆ ಕೂಡ ಅಲ್ಲಾಡ್ತಿರಲಿಲ್ಲವಂತೆ. ಕಿವಿ ಪಕ್ಕದಲ್ಲೇ ಒಂದು ಪಿಸುಮಾತು.

"ಅಣ್ಣಾ... ಈ ಬೆಳಕಲ್ಲಿ ನೋಡಬೇಡ."

"ಯಾರೋ ಅದು?"

"ನಾನೂ ಇದೇ ಬೆಳಕಲ್ಲೇ ನೋಡಿದ್ದು..."

ಅಷ್ಟೇ. ನಿಮಗೆ ಭಯ ಆಗಲಿಲ್ವಾ ಅಂತ ನಾನು ಕೇಳಿದೆ. "ಹೆದರೋಕ್ಕೂ ಮೈಯಲ್ಲಿ ತ್ರಾಣ ಇರಬೇಕಲ್ಲಪ್ಪಾ" ಅಂದ್ರು ಭಾವ. ಪ್ಲಗ್‌ನ ಬಟ್ಟೆ ಸಮೇತ ಜೇಬಿಗೆ ಹಾಕ್ಕೊಂಡು ಗಾಡಿ ತಳ್ಕೊಂಡು ಹೊರಟರು. ತಿರುಗಿ ಮಾತ್ರ ನೋಡಲಿಲ್ಲವಂತೆ.

ಅಕ್ಕ ಬಾಗಿಲು ತೆಗೆದಳು. "ಯಾಕೆ, ಮುಖ ಹೀಗಾಗಿದೆ?"

ಭಾವ ಸೀದಾ ಒಳಗೆ ನಡೆದ್ರು. ಅಡುಗೆಮನೆಯ ಟ್ಯೂಬ್‌ಲೈಟ್ ಕೆಳಗೆ ಪ್ಲಗ್ ಹಿಡಿದ್ರು.

ಸುಣ್ಣದ ಹಾಗೆ ಬೆಳ್ಳಗಿತ್ತು.

"ಬೆಳಿಗ್ಗೆ ಎದ್ದ ತಕ್ಷಣ ಜೆಟ್ ಬದಲಾಯಿಸಬೇಕು. ಎಬ್ಬಿಸು, ಮರೀಬೇಡ." ಗಾಡಿನ ಹಿತ್ತಲಲ್ಲಿ ನಿಲ್ಲಿಸಿ, ಪ್ಲಗ್ ಮತ್ತೆ ಎಂಜಿನ್ನಿಗೆ ಹಾಕಿ ಬಂದು, ಶರ್ಟೂ ಬಿಚ್ಚದೆ ಬಿದ್ಕೊಂಡ್ರು. ಒಂದು ತುತ್ತು ಅನ್ನವನ್ನೂ ಮುಟ್ಟಲಿಲ್ಲ.

ಅಕ್ಕನಿಗೂ ಎಚ್ಚರ ಆಗಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆ ಮೇಲಿತ್ತು. ಹಿತ್ತಲು ಖಾಲಿ. ಅಣ್ಣ ದಣಿದಿದಾನೆ, ಮಲಗಲಿ ಅಂತ ಚೂಟಿನೇ ಗಾಡಿ ತಗೊಂಡು ಹೊರಟುಹೋಗಿದ್ದಳು.

ಭಾವ ಬರಿಗಾಲಲ್ಲೇ ಓಡಿದ್ರು. ನಾನು ಮೈದಾನದ ಬೇಲಿ ಹತ್ತಿರ ನಿಂತಿದ್ದೆ. ಬಂದವರೇ ನನ್ನ ರಟ್ಟೆ ಹಿಡ್ಕೊಂಡ್ರು. "ನಿಲ್ಲಿಸ್ರೋ! ಅವಳನ್ನ ನಿಲ್ಲಿಸ್ರೋ!" ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ಚೂಟಿ ಆಗಲೇ ದಿಬ್ಬ ಹತ್ತುತ್ತಿದ್ದಳು. ಹಾರಿದಳು... ಭಾವ ಕಣ್ಣು ಮುಚ್ಚಿದ್ರು. ರಟ್ಟೆಗೆ ಅವರ ಉಗುರು ಇಳೀತು.

ಎಂಜಿನ್ ಸದ್ದು ನಿಲ್ಲಲಿಲ್ಲ. ಆಚೆ ಬಿದ್ದ ಮೇಲೂ ಗುಂಯ್ ಅಂತ ಹೋಗ್ತಾನೇ ಇತ್ತು. ಎಲ್ಲಾ ಸುತ್ತು ಮುಗಿಸಿಯೇ ಬಂದಳು, ಮುಖದ ತುಂಬ ಮಣ್ಣು, ಹಲ್ಲು ಮಾತ್ರ ಕಾಣ್ತಿತ್ತು.

ಭಾವ ಮೊದಲು ಪ್ಲಗ್ ಬಿಚ್ಚಿದ್ರು. ನಡುಹಗಲ ಬೆಳಕು. ಬಿಸ್ಕತ್ತಿನ ಬಣ್ಣ. ಕಾರ್ಬುರೇಟರ್ ಬಿಚ್ಚಿದ್ರು. ಒಳಗೆ ಒಂದು ಅಳತೆ ದೊಡ್ಡ ಜೆಟ್ ಇತ್ತು.

"ಜೆಟ್ ಯಾರೇ ಹಾಕಿದ್ದು?"

"ಇದೇನಣ್ಣಾ? ರಾತ್ರಿ ಪೂರ್ತಿ ನೀನೇ ಹಿತ್ತಲಲ್ಲಿ ಟಕ ಟಕ ಅನ್ನಿಸ್ತಿದ್ದೆಯಲ್ಲ. ಇನ್ನೂ ಮಲಗಿಲ್ವಾ ಅಂತ ಕಿಟಕಿಯಿಂದ ಕೇಳಿದೆ. 'ಆಯ್ತು, ನೀನು ಮಲ್ಕೋ' ಅಂತ ನೀನೇ ಅಂದೆ."

ಭಾವನಿಗೆ ಬೆವರು ಕಿತ್ಕೊಂಡು ಬಂತು. ಒರೆಸ್ಕೊಳ್ಳೋಕೆ ರಾತ್ರಿಯ ಆ ಬಟ್ಟೆ ತೆಗೆಯೋಣ ಅಂತ ಜೇಬಿಗೆ ಕೈ ಹಾಕಿದ್ರು. ಬಟ್ಟೆ ಜೊತೆ ಆ ಸಣ್ಣ ಜೆಟ್ ಬಂತು.

ನಿದ್ದೆಗಣ್ಣಲ್ಲಿ ಇವರೇ ಬಿಚ್ಚಿರ್ತಾರೆ ಅಂತ ಅಕ್ಕ ಇವತ್ತಿಗೂ ವಾದಿಸ್ತಾಳೆ. ಇರಬಹುದು. ನಾನೇನೂ ಇಲ್ಲ ಅನ್ನಲ್ಲ. ಆದ್ರೆ ಪೆಟ್ರೋಲ್ ಎರಡು ನಿಮಿಷಕ್ಕೇ ಆರಿಹೋಗುತ್ತೆ, ನಿಮಗೇ ಗೊತ್ತಲ್ಲ? ಆ ಜೆಟ್ಟನ್ನ ಭಾವ ನನ್ನ ಅಂಗೈಯಲ್ಲೇ ಇಟ್ಟರು. ನಾನು ಮುಟ್ಟಿ ನೋಡಿದೀನಿ, ಸುಳ್ಳಲ್ಲ. ಸುಡುಸುಡು ಮಧ್ಯಾಹ್ನ... ಅದು ಪೆಟ್ರೋಲಿನಲ್ಲಿ ಇನ್ನೂ ಒದ್ದೆ ಇತ್ತು.