ಒದೆಯದ ಎಮ್ಮೆ

ಒಂದು ಊರು. ಆ ಊರಲ್ಲಿ ಒಬ್ಬ ಸಿರಿವಂತ. ಅವನ ಕೊಟ್ಟಿಗೆಯಲ್ಲಿ ನಲವತ್ತು ಎಮ್ಮೆ.

ಸಿರಿವಂತನ ಹೆಸರೇನು ಎಂದು ನೀವು ಕೇಳುವುದಿಲ್ಲ. ದೃಷ್ಟಾಂತದ ಸಿರಿವಂತರಿಗೆ ಹೆಸರಿರುವುದಿಲ್ಲ, ನಿಮಗೆ ರೂಢಿಯಾಗಿದೆ. ಅವನ ಹೆಂಡತಿಗೂ ಹೆಸರಿಲ್ಲ, ಸೊಸೆಗೂ ಇಲ್ಲ. ಆದರೆ ನೋಡಿ, ಎಮ್ಮೆಗಳಿಗೆ ಹೆಸರಿತ್ತು. ಬೋರಿ, ಚೆಲುವಿ, ಕೊಂಕಿ, ದುಂಡಿ. ಯಾವುದು ಯಾವಾಗ ಈಯುತ್ತದೆ, ಯಾವುದು ನಿನ್ನೆ ಮೇವು ಬಿಟ್ಟಿತು, ಯಾವುದು ಗುಡುಗಿಗೆ ಬೆದರಿ ಹಾಲು ಏರಿಸಿಕೊಳ್ಳುತ್ತದೆ, ಎಲ್ಲವೂ ಸಿರಿವಂತನ ನಾಲಿಗೆಯ ತುದಿಯಲ್ಲಿತ್ತು. ಹೆಂಡತಿಯ ವಯಸ್ಸೆಷ್ಟು ಎಂದು ಕೇಳಿದ್ದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತಿತ್ತು. ನಗಬೇಡಿ. ಗಂಡಸರ ಸಾಲಿನಲ್ಲಿ ಎಷ್ಟು ಜನ ಈಗ ಬೆರಳು ಮಡಿಸುತ್ತಿದ್ದೀರಿ ಎಂದು ನನಗೆ ಪ್ರವಚನದ ಈ ಪೀಠದಿಂದಲೇ ಕಾಣುತ್ತಿದೆ.

ಆ ಕೊಟ್ಟಿಗೆಯಲ್ಲಿ ಒಂದು ಪದ್ಧತಿ ಇತ್ತು. ಹಾಲು ಕರೆಯುವ ಆಳುಗಳು ಬೆಳಗ್ಗೆ ಚರಿಗೆ ಹಿಡಿದು ಕಾಯಬೇಕು. ಮೊದಲು ಸಿರಿವಂತನ ಹೆಂಡತಿ ಬರಬೇಕು. ಆಕೆ ಬೆಚ್ಚನೆಯ ನೀರಿನಲ್ಲಿ ಕೈ ತೊಳೆದು, ಒಂದೊಂದು ಎಮ್ಮೆಯ ಕೆಚ್ಚಲನ್ನು ಅಂಗೈಯಿಂದ ಸವರಿ, ಮೊದಲ ಎರಡು ಧಾರೆಯನ್ನು ಒಂದು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡುವಳು. ಕಪ್ಪು ಬಟ್ಟೆಯೇ ಏಕೆ? ಕೆಚ್ಚಲು ಬಾವು ಆಗಿದ್ದರೆ ಹಾಲು ಚೂರುಚೂರಾಗಿ ಬರುತ್ತದೆ. ಬಿಳಿ ಚೂರು ಕಪ್ಪಿನ ಮೇಲೆ ಬೇಗ ಕಾಣುತ್ತದೆ. ಆಕೆ ಹೂಂ ಎಂದರೆ ಕರೆಯಬೇಕು, ಊಹೂಂ ಎಂದರೆ ಆ ಎಮ್ಮೆಯನ್ನು ಬೇರೆ ಕಟ್ಟಿ ದನದ ಡಾಕ್ಟರಿಗೆ ಫೋನು ಮಾಡಬೇಕು. ಮೂವತ್ತು ವರ್ಷದಲ್ಲಿ ಆ ಕೈ ತಪ್ಪಿಲ್ಲ ಎಂದು ಊರೇ ಹೇಳುತ್ತಿತ್ತು.

ಆ ಕೈ ನಂಬಿದ ಒಂದು ಸೂತ್ರವಿತ್ತು. ಆಕೆಯ ಅತ್ತೆ ಕಲಿಸಿದ್ದು. ಮುಟ್ಟಿದಾಗ ಎಮ್ಮೆ ಒದ್ದರೆ ಒಳಗೆ ಬಾವು ಇದೆ. ಮೆಲುಕು ಹಾಕುತ್ತ ಸುಮ್ಮನೆ ನಿಂತರೆ ಏನೂ ಇಲ್ಲ. ನೋವಿದ್ದರೆ ರೋಗ, ನೋವಿಲ್ಲದಿದ್ದರೆ ಆರೋಗ್ಯ. ಎಷ್ಟು ಸರಳ! ಸರಿಯಾಗಿಯೇ ಇದೆ ಅನ್ನಿಸುವುದಿಲ್ಲವೇ? ಈ ಕಥೆ ಗೊತ್ತಾಗುವವರೆಗೆ ನನಗೂ ಹಾಗೇ ಅನ್ನಿಸುತ್ತಿತ್ತು.

ಆ ಮನೆಯ ಸೊಸೆ ಬಾಣಂತಿ. ಮಗುವಿಗೆ ಎರಡು ತಿಂಗಳು. ಕಾರಹುಣ್ಣಿಮೆಯ ಹೊತ್ತಿಗೆ ಒಂದು ದಿನ ಅವಳ ಬಲ ಎದೆ ಕೆಂಪಾಗಿ ಕಾದ ಹಂಚಿನ ಹಾಗೆ ಸುಡತೊಡಗಿತು. ಮೈಯೆಲ್ಲ ಚಳಿಜ್ವರ. ಮಗು ಬಾಯಿ ಹಾಕಿದರೆ ಚೀರುತ್ತಾಳೆ. ಅತ್ತೆ, ಅಂದರೆ ಸಿರಿವಂತನ ಹೆಂಡತಿ, ಒಮ್ಮೆ ಮುಟ್ಟಿ ನೋಡಿದವಳೇ ಅಂಗಳಕ್ಕೆ ಬಂದು ಗಂಡನಿಗೆ ಹೇಳಿದಳು:

“ಗಾಡಿ ತಗೀರಿ. ಮುಟ್ಟಿದ್ರ ಒದಿಯಾಕ ಹತ್ಯಾಳ. ಬಾವು ಆಗೈತಿ.”

ಆ ಜ್ವರದಲ್ಲೂ ಸೊಸೆ ಒಳಗಿನಿಂದ ಕೂಗಿದಳು, “ಅತ್ತೀ, ನಾ ಏನ್ ಎಮ್ಮಿ ಏನ್ರಿ?”

“ಎಮ್ಮಿ ಆಗಿದ್ರ ಇಷ್ಟ್ ಮಾತಾಡ್ತಿದ್ದಿಲ್ಲ. ಸುಮ್ನ ಏಳು!”

ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು. ಪರೀಕ್ಷೆ ಮಾಡಿ ಹೇಳಿದರು, “ಹಾಲು ಕಟ್ಟಿ ಬಾವು ಆಗೈತಿ. ಬಾಣಂತ್ಯಾರಿಗೆ ಆಗೂದ ಇದು. ಗುಳಿಗಿ ಕೊಡ್ತೀನಿ. ಮಗೂಗ ಹಾಲು ಬಿಡಿಸಬ್ಯಾಡ್ರಿ, ಕುಡೀತಾ ಇದ್ರನ ಲಗೂ ಆರಾಮ ಆಗತೈತಿ.” ಆಮೇಲೆ ಸೊಸೆಯ ಹಿಂದೆ ನಿಂತಿದ್ದ ಅತ್ತೆಯ ಕಡೆ ತಿರುಗಿದರು. “ನೀವು ಯಾವಾಗರ ಎದಿ ಪರೀಕ್ಷೆ ಮಾಡಿಸೀರೇನ್ರಿ?”

“ನನಗ್ಯಾಕ ಬೇ? ನಾ ಹಾಲು ಕುಡಿಸೂದು ಬಿಟ್ಟು ಇಪ್ಪತ್ತೈದು ವರ್ಷ ಆತು.”

“ಒಳಗ ಗಂಟು ಗಿಂಟು ಏನರ ಕೈಗೆ ಸಿಕ್ಕೈತೇನು?”

“ನೋವೇನಿಲ್ಲವ್ವ.”

ನೋಡಿ, ಇಲ್ಲಿ ಸ್ವಲ್ಪ ನಿಲ್ಲೋಣ. ಡಾಕ್ಟರು ಕೇಳಿದ್ದು ಏನು? ಗಂಟು ಇದೆಯೇ ಎಂದು. ಆಕೆ ಹೇಳಿದ್ದು ಏನು? ನೋವಿಲ್ಲ ಎಂದು. ಆಕೆ ಸುಳ್ಳು ಹೇಳಿದಳೇ? ಇಲ್ಲ. ಆಕೆಯ ಸೂತ್ರದ ಪ್ರಕಾರ ಎರಡೂ ಒಂದೇ. ಯುಗಾದಿಯ ಎಣ್ಣೆಸ್ನಾನದ ದಿನ ಆಕೆಯ ಎಡ ಎದೆಯಲ್ಲಿ, ಕಂಕುಳಿನ ಕಡೆಗೆ, ಏನೋ ಕೈಗೆ ಸಿಕ್ಕಿತ್ತು. ಹುಣಸೆಬೀಜದಷ್ಟು. ಗಟ್ಟಿ. ಒತ್ತಿದರೆ ಜರುಗುವುದಿಲ್ಲ, ನೋಯುವುದಿಲ್ಲ. ನೋಯದಿದ್ದ ಮೇಲೆ ಏನಿಲ್ಲ ಎಂದು ಮೈ ಒರೆಸಿಕೊಂಡು, ಸೀರೆ ಉಟ್ಟು, ಬೇವು ಬೆಲ್ಲ ಹಂಚಲು ಹೋಗಿದ್ದಳು.

ಇನ್ನೊಂದು ಮಾತು. ನಾನು ಇಷ್ಟು ಹೊತ್ತು ಎಮ್ಮೆಯ ಕೆಚ್ಚಲು ಎಂದೆ. ನೀವೆಲ್ಲ ಕತ್ತೆತ್ತಿ ಕೇಳಿದಿರಿ. ಹೆಣ್ಣಿನ ಎದೆ ಎಂದ ಕೂಡಲೇ ಹೆಂಗಸರ ತಲೆ ತಗ್ಗಿತು, ಗಂಡಸರು ಮಠದ ತೊಲೆ ಎಣಿಸತೊಡಗಿದಿರಿ. ಯಾಕೆ? ಎರಡೂ ಕೂಸಿಗೆ ಹಾಲು ಕೊಡುವ ಅಂಗವೇ. ಒಂದರ ಬಗ್ಗೆ ಕಟ್ಟೆಯ ಮೇಲೆ ಕೂತು ಮಾತಾಡುತ್ತೇವೆ, ಇನ್ನೊಂದರ ಬಗ್ಗೆ ಡಾಕ್ಟರ ಮುಂದೆಯೂ ಬಾಯಿ ಬಿಡುವುದಿಲ್ಲ. ಇದು ಎಲ್ಲಿಂದ ಬಂತು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಉತ್ತರ ಸಿಕ್ಕಿಲ್ಲ. ಗೊತ್ತಿದ್ದವರು ಹೇಳಿ.

ಮುಂದೆ ಕೇಳಿ. ಶ್ರಾವಣ ಬಂತು. ದುಂಡಿ ಎಂಬ ಎಮ್ಮೆ ಹಾಲು ಕಡಿಮೆ ಮಾಡಿತು. ಒದೆಯುವುದಿಲ್ಲ, ಮೇವು ಬಿಟ್ಟಿಲ್ಲ, ಮೈ ಬಿಸಿಯಿಲ್ಲ, ಕಪ್ಪು ಬಟ್ಟೆಯ ಮೇಲೆ ಚೂರೂ ಇಲ್ಲ. ಸಿರಿವಂತನ ಹೆಂಡತಿ ದಿನವೂ ಮುಟ್ಟಿ ಹೂಂ ಎನ್ನುತ್ತಲೇ ಇದ್ದಾಳೆ, ಹಾಲು ಇಳಿಯುತ್ತಲೇ ಇದೆ. ಸಿರಿವಂತ ತಡೆಯಲಾರದೆ ದನದ ಡಾಕ್ಟರನ್ನು ಕರೆಸಿದ. ಅವನು ಕೂತು ನೋಡಿ, ತಲೆಯಾಡಿಸಿದ.

“ಇದು ಯಾವಾಗೋ ಹೋಗೈತ್ರಿ ಅವ್ವಾರ. ಹಿಂದಿನ ಎಡಗಡಿ ಭಾಗ. ಒಳಗ ಕಲ್ಲು ಆಗೈತಿ.”

“ಒಂದು ದಿನಾನೂ ಒದ್ದಿಲ್ಲಲ್ಲೋ ಅದು!”

“ನೋವು ಆದ್ರ ತಾನ ಒದಿಯೂದು? ಹಳೇ ಬಾವು ಹಿಂಗನ. ಸದ್ದು ಇಲ್ದ ಗಟ್ಟಿ ಆಗ್ತೈತಿ. ಇಲ್ಲಿ ಹಿಡದ್ ನೋಡ್ರಿ.”

ಆಕೆ ಹಿಡಿದು ನೋಡಿದಳು. ದಿನವೂ ಮುಟ್ಟಿದ ಕೆಚ್ಚಲೇ ಅದು. ಆದರೆ ಇಷ್ಟು ವರ್ಷ ಸವರುವಾಗ ಆಕೆಯ ಕೈ ಕೆಚ್ಚಲ ಮೇಲಿತ್ತು, ಕಣ್ಣು ಎಮ್ಮೆಯ ಕಾಲಿನ ಮೇಲಿತ್ತು. ಕಾಲು ಏಳುತ್ತದೆಯೋ ಇಲ್ಲವೋ, ಅಷ್ಟೇ ನೋಡುತ್ತಿದ್ದಳು. ಇವತ್ತು ಮೊದಲ ಸಲ ಕಾಲನ್ನು ಮರೆತು ಕೈಯ ಮಾತು ಕೇಳಿದಳು. ಚರ್ಮದ ಕೆಳಗೆ ಗಟ್ಟಿ. ಜರುಗುವುದಿಲ್ಲ. ಈ ಗಟ್ಟಿಯನ್ನು ಕೈ ಮೊದಲೇ ಬಲ್ಲದು. ಎಲ್ಲಿ ಮುಟ್ಟಿದ್ದು? ಯಾವ ಎಮ್ಮೆಯಲ್ಲಿ?

ಯಾವ ಎಮ್ಮೆಯಲ್ಲೂ ಅಲ್ಲ. ಬಚ್ಚಲಲ್ಲಿ.

ದನದ ಡಾಕ್ಟರು ಹೋದ ಮೇಲೆ ಆಕೆ ಗೋಡೆಯ ಕಡೆ ತಿರುಗಿ ನಿಂತಳು. ಕೈ ಸೆರಗಿನ ಒಳಗೆ ಹೋಯಿತು. ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಸೊಸೆ ಅದನ್ನು ಕಂಡಳು.

“ಏನ್ರಿ ಅತ್ತಿ?”

“ಏನಿಲ್ಲ.”

“ಏನಿಲ್ಲ ಅಂದ್ರ ದುಂಡಿ ನಂಬತೈತಿ, ನಾ ನಂಬೂದಿಲ್ಲ. ನನ್ನ ಎದಿ ಕೆಂಪ ಆದಾಗ ಯಾರ್‍ನೂ ಕೇಳ್ದ ಗಾಡಿ ತಗಿಸಿದ್ರಿ. ಈಗ ಹೇಳ್ರಿ.”

ಆಕೆ ಹೇಳಿದಳು. ಹೇಳುವಾಗ ಧ್ವನಿ ಕೆಚ್ಚಲು ಸವರುವಾಗಿನಷ್ಟೇ ಮೆಲ್ಲಗಿತ್ತು.

ಮಧ್ಯಾಹ್ನ ಸಿರಿವಂತ ಊಟಕ್ಕೆ ಕೂತ. ಸೊಸೆಯೇ ವಿಷಯ ತೆಗೆದಳು. ಅವನು ರೊಟ್ಟಿ ಮುರಿಯುತ್ತ ಹೆಂಡತಿಯನ್ನು ಕೇಳಿದ, “ನೋವೈತೇನು?”

“ಇಲ್ಲ.”

“ಮತ್ತ್ಯಾಕ ಅವಸರ? ದಸರಾ ಮುಗೀಲಿ, ನೋಡೂಣು.”

ಅವನು ಕೆಟ್ಟವನೇ? ಅಲ್ಲ. ಅವನಿಗೆ ಭಯವಾಗಿತ್ತು. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ಹೆಂಡತಿಗೂ ಹಾಯೆನಿಸಿತು. ದಸರಾ ಮುಗಿಯಲಿ. ಆಮೇಲೆ ದೀಪಾವಳಿ ಇದೆ. ಆಮೇಲೆ ಸುಗ್ಗಿ. ಭಯಕ್ಕೆ ಹಬ್ಬಗಳ ಆಸರೆ ಎಷ್ಟು ಬೇಕಾದರೂ ಸಿಗುತ್ತದೆ. ಆಗ ಸೊಸೆ ಪಲ್ಯ ಬಡಿಸುತ್ತ ಒಂದೇ ಮಾತು ಹೇಳಿದಳು:

“ಮಾವಾರ, ದುಂಡಿಗೂ ನೋವಿದ್ದಿಲ್ಲ.”

ಸಿರಿವಂತನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಹೆಂಡತಿಯನ್ನು ನೋಡಿದ. ಬಹಳ ವರ್ಷಗಳ ಮೇಲೆ, ಎಮ್ಮೆಯನ್ನು ನೋಡುವ ಹಾಗೆ, ಅಂದರೆ ಗಮನವಿಟ್ಟು, ನೋಡಿದ. ಮತ್ತೆ ಕೇಳಿದ. ಈ ಸಲ ಬೇರೆ ಪ್ರಶ್ನೆ.

“ಯಾವಾಗ ಹೋಗೂಣು?”

ಅದೇ ಲೇಡಿ ಡಾಕ್ಟರು ಮುಟ್ಟಿ ನೋಡಿ, ಮ್ಯಾಮೊಗ್ರಾಂ ಎಂಬ ಎದೆಯ ಎಕ್ಸ್‌ರೇಗೂ ಸೂಜಿ ಪರೀಕ್ಷೆಗೂ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದರು. ಆಕೆ ಬಿಡಲಿಲ್ಲ. “ನೀವು ಡಾಕ್ಟರು. ಏನೈತಿ ಅಂತ ಕೈಲೇ ಹೇಳ್ಬಿಡ್ರಿ. ಎಮ್ಮಿಗೆ ನಾ ಹಂಗ ಹೇಳ್ತಿದ್ದೆ.”

“ನನ್ನ ಕೈಗೂ ಅಷ್ಟು ತಿಳಿಯೂದಿಲ್ರಿ ಅವ್ವ,” ಎಂದರು ಡಾಕ್ಟರು. “ಎದಿಯೊಳಗಿನ ಗಂಟು ಬಹಳಷ್ಟು ಕ್ಯಾನ್ಸರ್ ಅಲ್ಲ. ನೀರಿನ ಗುಳ್ಳಿ ಇರತೈತಿ, ಹರೇದ ಹುಡಿಗ್ಯಾರಿಗೆ ಜಾರೂ ಗಂಟು ಇರತೈತಿ, ಮುಟ್ಟು ಬರೂ ಮೊದಲ ಎದಿ ಭಾರ ಆಗಿ ನೋಯತೈತಿ. ಆದ್ರ ಯಾವುದು ಅದು, ಯಾವುದು ಅಲ್ಲ ಅನ್ನೂದನ್ನ ಪರೀಕ್ಷೆ ಹೇಳಬೇಕು. ನೋವು ಹೇಳೂದಿಲ್ಲ.”

ಏನವ್ವ ನೀಲಗಂಗವ್ವ, ಮುಂದಿನ ಸಾಲಿನಿಂದ ಏನೋ ಕೇಳುತ್ತಿದ್ದೀ? ಜೋರಾಗಿ ಕೇಳು.

“ಅಪ್ಪಾರ, ಮತ್ತ ಅದ ಇತ್ತೋ, ಇಲ್ಲೋ?”

ಒಳ್ಳೆಯ ಪ್ರಶ್ನೆ. ಆದರೆ ನನಗೊಂದು ಕುತೂಹಲ. ಇರಲಿಲ್ಲ ಎಂದರೆ ನೀವು ಅಬ್ಬ ಎಂದು ಮನೆಗೆ ಹೋಗುತ್ತೀರಿ. ಇತ್ತು ಎಂದರೆ ಅಯ್ಯೋ ಎಂದು ಮನೆಗೆ ಹೋಗುತ್ತೀರಿ. ಎರಡರಲ್ಲೂ ಮನೆಗೇ ಹೋಗುತ್ತೀರಿ! ಆಸ್ಪತ್ರೆಗೆ ಯಾರು ಹೋಗುತ್ತೀರಿ?

ಹೇಳುತ್ತೇನೆ. ಇತ್ತು. ಕ್ಯಾನ್ಸರೇ. ಆದರೆ ಇನ್ನೂ ಸಣ್ಣದು, ಬೇರೆ ಕಡೆಗೆ ಹರಡಿರಲಿಲ್ಲ. ಗಂಟು ತೆಗೆದರು, ಔಷಧ ಕೊಟ್ಟರು. ಕೂದಲು ಉದುರಿತು, ಬಾಯಿಗೆ ರುಚಿ ಹೋಯಿತು, ಆರು ತಿಂಗಳು ಕೊಟ್ಟಿಗೆಯ ಕಡೆ ಬರಲಾಗಲಿಲ್ಲ. ಯುಗಾದಿಯಲ್ಲೇ ಬಂದಿದ್ದರೆ ಚಿಕಿತ್ಸೆ ಇಷ್ಟು ಕಠಿಣ ಆಗುತ್ತಿರಲಿಲ್ಲವೇನೋ ಎಂದು ಡಾಕ್ಟರು ಹೇಳಿದರಂತೆ. ಆ ಐದು ತಿಂಗಳನ್ನು ಯಾರು ತಂದುಕೊಡುತ್ತಾರೆ? ದಸರಾ ಮುಗಿಯಲಿ ಎಂದು ಕೂತಿದ್ದರೆ ಈ ಕಥೆಯನ್ನು ನಾನು ಬೇರೆ ರೀತಿ ಮುಗಿಸಬೇಕಾಗುತ್ತಿತ್ತು.

ಈಗ ಅದಾಗಿ ನಾಲ್ಕು ವರ್ಷ. ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ಕೊಟ್ಟಿಗೆಗೆ ಬರುತ್ತಾರೆ. ಸೊಸೆ ಕೈ ತೊಳೆದು ಕೆಚ್ಚಲು ಮುಟ್ಟುವಾಗ ಹಳೆಯ ಸೂತ್ರವನ್ನು ಅತ್ತೆ ಕಲಿಸುವುದಿಲ್ಲ. “ಕಾಲು ನೋಡಬ್ಯಾಡ, ಹುಡುಗಿ. ಕೈ ಏನ್ ಹೇಳತೈತಿ ಕೇಳು,” ಎನ್ನುತ್ತಾಳೆ.

ಇನ್ನು ನಿಮ್ಮ ಮಾತು.

ತಾಯಂದಿರೇ, ನೀವು ಅಕ್ಕಿಯಲ್ಲಿ ಕಲ್ಲು ನೋಡುತ್ತೀರಿ. ಮಗುವಿನ ಹಣೆ ಮುಟ್ಟಿ ಜ್ವರ ನೋಡುತ್ತೀರಿ. ನಿಮ್ಮ ಎದೆಯನ್ನು ಯಾರು ನೋಡುತ್ತಾರೆ? ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ, ಮುಟ್ಟು ನಿಂತವರು ನೆನಪಿಡಲು ಒಂದು ಹುಣ್ಣಿಮೆಯ ದಿನ, ಸ್ನಾನ ಮಾಡುವಾಗ ಬೆರಳುಗಳಿಂದ ಎದೆಯನ್ನೂ ಕಂಕುಳನ್ನೂ ಮುಟ್ಟಿ ನೋಡಿ. ಕನ್ನಡಿಯ ಮುಂದೆ ನಿಲ್ಲಿ. ಹೊಸ ಗಂಟು, ಎಳೆದುಕೊಂಡ ಚರ್ಮ, ಒಳಕ್ಕೆ ತಿರುಗಿದ ತೊಟ್ಟು, ತೊಟ್ಟಿನಿಂದ ರಕ್ತ, ಯಾವ ಬದಲಾವಣೆ ಕಂಡರೂ ನೋವಿಗಾಗಿ ಕಾಯಬೇಡಿ. ಏನೂ ಕಾಣದಿದ್ದರೂ, ಮೂವತ್ತು ದಾಟಿದವರು ಒಮ್ಮೆ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿಕೊಳ್ಳಿ, ಮತ್ತೆ ಯಾವಾಗ ಬರಬೇಕು, ಮ್ಯಾಮೊಗ್ರಾಂ ಯಾವಾಗ ಬೇಕು ಎಂದು ಅಲ್ಲೇ ಕೇಳಿ. ನಾಳೆ ಅದಕ್ಕೆ ಹೋಗಿ ಪ್ರವಚನ ತಪ್ಪಿಸಿದರೆ ನನಗೇನೂ ಬೇಸರವಿಲ್ಲ. ಈ ಶ್ರಾವಣದಲ್ಲಿ ನಾನು ಹೇಳಿದ್ದರಲ್ಲಿ ಇಷ್ಟೇ ಉಳಿದರೂ ಸಾಕು.

ಗಂಡಸರೇ, ತೊಲೆ ಎಣಿಸಿದ್ದು ಸಾಕು, ಕೆಳಗೆ ನೋಡಿ. ನಿಮ್ಮ ಕೆಲಸ ಸಣ್ಣದು. ಒಂದು ಪ್ರಶ್ನೆಯನ್ನು ಬದಲಾಯಿಸಬೇಕು, ಅಷ್ಟೇ. ಮನೆಯಲ್ಲಿ ತಾಯಿ, ಹೆಂಡತಿ, ಅಕ್ಕ, ಮಗಳು, ಯಾರಾದರೂ ಧೈರ್ಯ ಮಾಡಿ, ತಲೆ ತಗ್ಗಿಸಿ, ಹೀಗೊಂದು ಕೈಗೆ ಸಿಕ್ಕಿದೆ ಎಂದರೆ, ನೋವೈತೇನು ಎಂದು ಕೇಳಬೇಡಿ.

ಕೈಯಲ್ಲಿರುವ ರೊಟ್ಟಿ ತಟ್ಟೆಗಿಟ್ಟು, ಯಾವಾಗ ಹೋಗೂಣು ಎಂದು ಕೇಳಿ.